ಸ್ಟೆಫನಿ ರೋಚ್

ಸ್ಟೆಫನಿ ರೋಚ್ (ಜನನ: 13 ಜೂನ್ 1989) ಐರ್ಲೆಂಡ್ ಗಣರಾಜ್ಯದ ಫುಟ್‌ಬಾಲ್ ಆಟಗಾರ್ತಿ. ವಿವಾಹಾನಂತರ ಇವರು ಸ್ಟೆಫನಿ ಜಾಂಬ್ರಾ ಎಂಬ ಹೆಸರಿನಿಂದ ಪರಿಚಿತರು. ಮುಂಚೂಣಿಯ ಆಟಗಾರ್ತಿಯಾಗಿ, ಅಂದರೆ ಸ್ಟ್ರೈಕರ್ ಆಗಿ, ಐರ್ಲೆಂಡ್, ಫ್ರಾನ್ಸ್, ಅಮೆರಿಕ ಸಂಯುಕ್ತ ಸಂಸ್ಥಾನ, ಇಂಗ್ಲೆಂಡ್ ಮತ್ತು ಇಟಲಿಯ ಕ್ಲಬ್‌ಗಳ ಪರವಾಗಿ ಆಡಿದ್ದಾರೆ. ಐರ್ಲೆಂಡ್ ಗಣರಾಜ್ಯದ ರಾಷ್ಟ್ರೀಯ ಮಹಿಳಾ ತಂಡವನ್ನೂ ಪ್ರತಿನಿಧಿಸಿದ್ದಾರೆ.

ಪೀಮೌಂಟ್ ಯುನೈಟೆಡ್ ತಂಡದ ಪರವಾಗಿ 20 ಅಕ್ಟೋಬರ್ 2013ರಂದು ವೆಕ್ಸ್‌ಫರ್ಡ್ ಯೂತ್ಸ್ ತಂಡದ ವಿರುದ್ಧ ಬಾರಿಸಿದ ಒಂದು ಗೋಲು ಇವರಿಗೆ ವಿಶ್ವಖ್ಯಾತಿ ತಂದುಕೊಟ್ಟಿತು. ವರ್ಷದ ಅತ್ಯಂತ ಸುಂದರ ಗೋಲಿಗೆ ಫಿಫಾ ನೀಡುವ ಪುಷ್ಕಾಶ್ ಪ್ರಶಸ್ತಿಯ 2014ನೇ ಸಾಲಿನ ಸ್ಪರ್ಧೆಯಲ್ಲಿ ಈ ಗೋಲು ಎರಡನೆಯ ಸ್ಥಾನ ಪಡೆಯಿತು. ಆ ಪ್ರಶಸ್ತಿಯ ಅಂತಿಮ ಮೂವರ ಪಟ್ಟಿಯನ್ನು ತಲುಪಿದ ಮೊದಲ ಮಹಿಳೆ ರೋಚ್. ಪುರುಷರು ಮತ್ತು ಮಹಿಳೆಯರು ಒಂದೇ ಪ್ರಶಸ್ತಿಗೆ ಸ್ಪರ್ಧಿಸುತ್ತಿದ್ದ ಅವಧಿಯಲ್ಲಿ ಮಹಿಳೆಯೊಬ್ಬರು ಪಡೆದ ಅತ್ಯುನ್ನತ ಸ್ಥಾನವೂ ಇದೇ ಆಗಿದೆ.

ಹಿನ್ನೆಲೆ: ಐರ್ಲೆಂಡಿನಲ್ಲಿ ಮಹಿಳಾ ಫುಟ್‌ಬಾಲ್

ರೋಚ್ ಅವರ ವೃತ್ತಿಜೀವನವನ್ನು ಅರಿಯಲು ಅವರು ಆಡಿದ ಕಾಲದ ಐರಿಶ್ ಮಹಿಳಾ ಫುಟ್‌ಬಾಲ್‌ನ ಸ್ಥಿತಿಗತಿಯನ್ನು ತಿಳಿಯುವುದು ಅಗತ್ಯ. ಐರ್ಲೆಂಡ್ ಗಣರಾಜ್ಯದ ಮಹಿಳಾ ತಂಡವು ತನ್ನ ಮೊದಲ ಅಧಿಕೃತ ಅಂತಾರಾಷ್ಟ್ರೀಯ ಪಂದ್ಯವನ್ನು 1973ರಲ್ಲಿ ವೇಲ್ಸ್ ವಿರುದ್ಧ ಆಡಿ 3–2 ಅಂತರದಿಂದ ಗೆದ್ದಿತು. ಆದರೂ ಮುಂದಿನ ದಶಕಗಳಲ್ಲಿ ಆಟದ ಬೆಳವಣಿಗೆ ನಿಧಾನವಾಗಿಯೇ ಸಾಗಿತು. ಗೇಲಿಕ್ ಫುಟ್‌ಬಾಲ್ ಮತ್ತು ಕಮೋಗಿಯಂತಹ ದೇಶೀಯ ಕ್ರೀಡೆಗಳು ಗ್ರಾಮೀಣ ಐರ್ಲೆಂಡಿನ ಬಾಲಕಿಯರನ್ನು ಹೆಚ್ಚಾಗಿ ಸೆಳೆಯುತ್ತಿದ್ದವು. ಡಬ್ಲಿನ್‌ನಂತಹ ನಗರಗಳಲ್ಲಿ ಬಾಲಕಿಯರು ಮೊದಲಿಗೆ ಬಾಲಕರ ತಂಡಗಳೊಡನೆ ಆಡಿ ಫುಟ್‌ಬಾಲ್ ಕಲಿಯುವುದು ಸಾಮಾನ್ಯವಾಗಿತ್ತು.

ದೇಶವ್ಯಾಪಿಯಾದ ಮಹಿಳಾ ರಾಷ್ಟ್ರೀಯ ಲೀಗ್ 2011ರಲ್ಲಿ ಆರಂಭವಾಯಿತು. ಮೊದಲ ಋತುವಿನಲ್ಲಿ ಆರು ಕ್ಲಬ್‌ಗಳು ಭಾಗವಹಿಸಿದವು. 2011–12ರ ಮೊದಲ ಪ್ರಶಸ್ತಿಯನ್ನು ಪೀಮೌಂಟ್ ಯುನೈಟೆಡ್ ಗೆದ್ದುಕೊಂಡಿತು. ಈ ಲೀಗ್ ಸಂಪೂರ್ಣ ಹವ್ಯಾಸಿ ಸ್ವರೂಪದ್ದಾಗಿತ್ತು. ಆಟಗಾರ್ತಿಯರಿಗೆ ಸಂಬಳವಿರಲಿಲ್ಲ, ಹಗಲು ಉದ್ಯೋಗದಲ್ಲೋ ವಿದ್ಯಾಭ್ಯಾಸದಲ್ಲೋ ತೊಡಗಿದ್ದವರು ಸಂಜೆಯ ಹೊತ್ತು ಅಭ್ಯಾಸ ನಡೆಸಿ ವಾರಾಂತ್ಯದಲ್ಲಿ ಪಂದ್ಯಗಳನ್ನಾಡುತ್ತಿದ್ದರು. ವೃತ್ತಿಪರರಾಗಿ ಬದುಕಲು ಬಯಸಿದವರು ದೇಶ ಬಿಟ್ಟು ಹೋಗದೆ ಬೇರೆ ದಾರಿಯಿರಲಿಲ್ಲ.

ಆರಂಭಿಕ ಜೀವನ

ರೋಚ್ ಐರ್ಲೆಂಡಿನ ರಾಜಧಾನಿ ಡಬ್ಲಿನ್‌ನ ದಕ್ಷಿಣ ಭಾಗದ ಶ್ಯಾಂಕಿಲ್‌ನವರು. ರಾಷ್ಟ್ರೀಯ ಲೀಗ್ ಇನ್ನೂ ಹುಟ್ಟಿರದ ದಿನಗಳಲ್ಲಿ ಆಟ ಆರಂಭಿಸಿದ ಇವರು ಡಂಡಾಕ್ ಸಿಟಿ ಮತ್ತು ರಹೇನಿ ಯುನೈಟೆಡ್ ಕ್ಲಬ್‌ಗಳ ಮೂಲಕ ಹಿರಿಯರ ಫುಟ್‌ಬಾಲ್‌ನಲ್ಲಿ ನೆಲೆಯೂರಿದರು. ಬಳಿಕ ಪೀಮೌಂಟ್ ಯುನೈಟೆಡ್ ಸೇರಿದರು.

ಕ್ಲಬ್ ವೃತ್ತಿಜೀವನ

ಪೀಮೌಂಟ್ ಯುನೈಟೆಡ್

ಪೀಮೌಂಟ್ ಯುನೈಟೆಡ್ ಡಬ್ಲಿನ್ ಕೌಂಟಿಯ ಪಶ್ಚಿಮ ಭಾಗದ ನ್ಯೂಕ್ಯಾಸಲ್ ಬಳಿಯ ಗ್ರೀನೋಗ್‌ನಲ್ಲಿ ನೆಲೆಗೊಂಡಿರುವ ಕ್ಲಬ್. ಐರ್ಲೆಂಡಿನ ಮಹಿಳಾ ಫುಟ್‌ಬಾಲ್‌ನಲ್ಲಿ ಅತ್ಯಂತ ಯಶಸ್ವಿಯಾದ ತಂಡಗಳಲ್ಲಿ ಇದೂ ಒಂದು. ರೋಚ್ ಆಡುತ್ತಿದ್ದ ಕಾಲದಲ್ಲಿ ಐಲೀನ್ ಗ್ಲೀಸನ್ ತಂಡದ ವ್ಯವಸ್ಥಾಪಕಿಯಾಗಿದ್ದರು. ಇವರೇ ಮುಂದೆ 2023ರಲ್ಲಿ ಐರ್ಲೆಂಡ್ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. ಬಲಬದಿಯಲ್ಲಿ ಆಡುತ್ತಿದ್ದ ಆಯಿನ್ ಓಗಾರ್ಮನ್ ಮತ್ತು ಮಧ್ಯಭಾಗದ ಕ್ಯಾರನ್ ಡಗ್ಗನ್ ಅವರಂತಹ ರಾಷ್ಟ್ರೀಯ ಆಟಗಾರ್ತಿಯರು ಈ ಕ್ಲಬ್ಬಿನಲ್ಲಿ ರೋಚ್ ಅವರ ಸಂಗಾತಿಗಳಾಗಿದ್ದರು. ಓಗಾರ್ಮನ್ ಬಲಬದಿಯಿಂದ ಕಳುಹಿಸುತ್ತಿದ್ದ ಕ್ರಾಸ್‌ಗಳನ್ನು ಪೆನಾಲ್ಟಿ ವಲಯದ ಬಳಿ ರೋಚ್ ಗೋಲಾಗಿಸುವುದು ತಂಡದ ಆಕ್ರಮಣದ ಮುಖ್ಯ ಮಾರ್ಗಗಳಲ್ಲೊಂದಾಗಿತ್ತು. ಪ್ರಸಿದ್ಧವಾದ ಆ ಗೋಲು ಹುಟ್ಟಿದ್ದೂ ಇದೇ ಮಾರ್ಗದಿಂದ.

ಎಎಸ್‌ಪಿಟಿಟಿ ಅಲ್ಬಿ

2014ರ ಬೇಸಿಗೆಯಲ್ಲಿ ರೋಚ್ ಫ್ರಾನ್ಸಿನ ಎಎಸ್‌ಪಿಟಿಟಿ ಅಲ್ಬಿ ಕ್ಲಬ್ ಸೇರಿದರು. ಅಲ್ಬಿ ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ನಗರ. ಅದರ ಮಹಿಳಾ ತಂಡ ಆಗ ದೇಶದ ಅಗ್ರ ದರ್ಜೆಯ ಲೀಗ್‌ನಲ್ಲಿ ಆಡುತ್ತಿತ್ತು. ಒಲಿಂಪಿಕ್ ಲಿಯೋನ್ ಮತ್ತು ಪ್ಯಾರಿಸ್ ಸೇಂಟ್ ಜರ್ಮೇನ್‌ನಂತಹ ಬಲಿಷ್ಠ ತಂಡಗಳಿದ್ದ ಈ ಲೀಗ್ ಯುರೋಪಿನ ಅತ್ಯುತ್ತಮ ಲೀಗ್‌ಗಳಲ್ಲಿ ಒಂದೆಂದು ಪರಿಗಣಿತವಾಗಿತ್ತು. ಪುಷ್ಕಾಶ್ ಪ್ರಶಸ್ತಿಯ ಪಟ್ಟಿಗಳು ಪ್ರಕಟವಾದಾಗ ರೋಚ್ ಇದೇ ಕ್ಲಬ್ಬಿನಲ್ಲಿದ್ದರು. 2015ರ ಜನವರಿಯಲ್ಲಿ ಅವರು ಅಲ್ಬಿಯನ್ನು ತೊರೆದರು.

ಹ್ಯೂಸ್ಟನ್ ಡ್ಯಾಶ್

ಪ್ರಶಸ್ತಿ ಸಮಾರಂಭದ ಬಳಿಕ ರೋಚ್ ಅಮೆರಿಕದ ರಾಷ್ಟ್ರೀಯ ಮಹಿಳಾ ಸಾಕರ್ ಲೀಗ್‌ನ ಹ್ಯೂಸ್ಟನ್ ಡ್ಯಾಶ್ ತಂಡದೊಡನೆ ಒಪ್ಪಂದ ಮಾಡಿಕೊಂಡರು. ಟೆಕ್ಸಾಸ್ ರಾಜ್ಯದ ಈ ಕ್ಲಬ್ 2014ರಲ್ಲಷ್ಟೇ ಲೀಗ್ ಪ್ರವೇಶಿಸಿತ್ತು. ರ‍್ಯಾಂಡಿ ವಾಲ್ಡ್ರಮ್ ಅದರ ತರಬೇತುದಾರರಾಗಿದ್ದರು. ಅಮೆರಿಕದ ಖ್ಯಾತ ಆಟಗಾರ್ತಿ ಕಾರ್ಲಿ ಲಾಯ್ಡ್ ಕೂಡ ಆ ಋತುವಿನಲ್ಲಿ ಇದೇ ತಂಡ ಸೇರಿದ್ದರು.

ಆದರೆ ಇಲ್ಲಿನ ವಾಸ ಅಲ್ಪಕಾಲದ್ದಾಯಿತು. ಅಮೆರಿಕದ ಲೀಗ್‌ನಲ್ಲಿ ಪ್ರತಿ ತಂಡವೂ ಇರಿಸಿಕೊಳ್ಳಬಹುದಾದ ಆಟಗಾರ್ತಿಯರ ಸಂಖ್ಯೆ, ವಿದೇಶಿಯರ ಸಂಖ್ಯೆ ಹಾಗೂ ಒಟ್ಟು ಸಂಬಳದ ಮೊತ್ತಕ್ಕೆ ಮಿತಿಗಳಿವೆ. ಇಂತಹ ವ್ಯವಸ್ಥೆಯಲ್ಲಿ ಋತುವಿನ ನಡುವೆಯೇ ಆಟಗಾರ್ತಿಯರನ್ನು ಕೈಬಿಡುವುದು ಸಾಮಾನ್ಯ. ಬೆರಳೆಣಿಕೆಯ ಪಂದ್ಯಗಳಲ್ಲಿ ಬದಲಿ ಆಟಗಾರ್ತಿಯಾಗಿ ಕಣಕ್ಕಿಳಿದ ರೋಚ್ ಅವರನ್ನು ಕ್ಲಬ್ 2015ರ ಮೇ ತಿಂಗಳಲ್ಲಿ ಬಿಡುಗಡೆಗೊಳಿಸಿತು. ಜ್ಯೂರಿಕ್‌ನ ಸಮಾರಂಭ ನಡೆದು ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. ಜಾಗತಿಕ ಪ್ರಸಿದ್ಧಿಯಾಗಲಿ, ಲಕ್ಷಾಂತರ ಜನರ ಮತಗಳಾಗಲಿ ಮಹಿಳಾ ಆಟಗಾರ್ತಿಯೊಬ್ಬರಿಗೆ ಸ್ಥಿರವಾದ ಉದ್ಯೋಗವನ್ನು ಖಾತರಿಪಡಿಸುತ್ತಿರಲಿಲ್ಲ ಎಂಬುದಕ್ಕೆ ಈ ಘಟನೆ ಉದಾಹರಣೆಯಾಗಿದೆ.

ಸಂಡರ್‌ಲ್ಯಾಂಡ್

2015ರ ಜುಲೈನಲ್ಲಿ ರೋಚ್ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಸೇರಿದರು. ಈಶಾನ್ಯ ಇಂಗ್ಲೆಂಡಿನ ಈ ಕ್ಲಬ್ ಸ್ಟೆಫ್ ಹೌಟನ್, ಜಿಲ್ ಸ್ಕಾಟ್, ಲೂಸಿ ಬ್ರಾಂಜ್ ಮತ್ತು ಜೋರ್ಡನ್ ನಾಬ್ಸ್ ಅವರಂತಹ ಅನೇಕ ಅಂತಾರಾಷ್ಟ್ರೀಯ ಆಟಗಾರ್ತಿಯರನ್ನು ಬೆಳೆಸಿದ ಕೀರ್ತಿ ಹೊಂದಿದೆ. ಆ ವರ್ಷವಷ್ಟೇ ಮಹಿಳಾ ಸೂಪರ್ ಲೀಗ್‌ನ ಮೊದಲ ದರ್ಜೆಗೆ ಬಡ್ತಿ ಪಡೆದಿದ್ದ ತಂಡವು ನಾಲ್ಕನೆಯ ಸ್ಥಾನ ಗಳಿಸಿತು. ಮುಂದೆ ಇಂಗ್ಲೆಂಡಿನ ತಾರೆಯಾಗಿ ಬೆಳೆದ ಬೆತ್ ಮೀಡ್ ಆಗ ಇದೇ ತಂಡದ ಮುಂಚೂಣಿಯಲ್ಲಿದ್ದು, ಆ ಋತುವಿನಲ್ಲಿ ಲೀಗ್‌ನ ಅತ್ಯಧಿಕ ಗೋಲುಗಳ ಸಾಧನೆ ಮಾಡಿದರು.

ಇಲ್ಲಿಯೂ ಹಣಕಾಸಿನ ಅನಿಶ್ಚಿತತೆ ಬೆನ್ನುಬಿಡಲಿಲ್ಲ. ಬೆತ್ ಮೀಡ್ 2017ರ ಜನವರಿಯಲ್ಲಿ ಆರ್ಸೆನಲ್‌ಗೆ ತೆರಳಿದರು. ಅದೇ ವರ್ಷ ಸಂಡರ್‌ಲ್ಯಾಂಡ್ ತನ್ನ ಮಹಿಳಾ ತಂಡವನ್ನು ಪೂರ್ಣಾವಧಿಯಿಂದ ಅರೆಕಾಲಿಕ ವ್ಯವಸ್ಥೆಗೆ ಇಳಿಸಿತು. 2018ರಲ್ಲಿ ಇಂಗ್ಲೆಂಡಿನ ಮಹಿಳಾ ಲೀಗ್‌ಗಳ ಪುನರ್ರಚನೆ ನಡೆದಾಗ ಮೊದಲ ಎರಡು ದರ್ಜೆಗಳಲ್ಲಿ ಆಡುವ ಪರವಾನಗಿ ಈ ಕ್ಲಬ್ಬಿಗೆ ದೊರೆಯಲಿಲ್ಲ. ಇದರಿಂದ ತಂಡವು ಮೈದಾನದಲ್ಲಿ ಸೋಲದೆಯೇ ಮೂರನೆಯ ದರ್ಜೆಗೆ ಕುಸಿಯಿತು. ಈ ನಡುವೆ 2017ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ತಂಡದ ಪರ ಆಡುವಾಗ ಕಾಲಿನ ಮೂಳೆ ಮುರಿದುಕೊಂಡ ರೋಚ್ ದೀರ್ಘಕಾಲ ಆಟದಿಂದ ದೂರ ಉಳಿಯಬೇಕಾಯಿತು.

ಫ್ಲೊರೆಂಟಿಯಾ

ಗಾಯದಿಂದ ಚೇತರಿಸಿಕೊಂಡ ರೋಚ್ 2018ರಲ್ಲಿ ಇಟಲಿಯ ಫ್ಲೊರೆಂಟಿಯಾ ಕ್ಲಬ್ ಸೇರಿದರು. 2015ರಲ್ಲಿ ಸ್ಥಾಪನೆಯಾದ ಟಸ್ಕನಿ ಪ್ರಾಂತ್ಯದ ಈ ಕ್ಲಬ್ ಕೆಲವೇ ವರ್ಷಗಳಲ್ಲಿ ಕೆಳ ದರ್ಜೆಗಳಿಂದ ಮೇಲೇರಿ ಸೀರಿ ಎ ಪ್ರವೇಶಿಸಿತ್ತು. ಇಟಲಿಯ ಕಾನೂನಿನ ಪ್ರಕಾರ ಆಗ ಮಹಿಳಾ ಆಟಗಾರ್ತಿಯರು ಹವ್ಯಾಸಿಗಳೆಂದೇ ಪರಿಗಣಿತರಾಗಿದ್ದರು. ಅಲ್ಲಿನ ಅಗ್ರ ಲೀಗ್‌ನ ಆಟಗಾರ್ತಿಯರಿಗೆ ವೃತ್ತಿಪರ ಸ್ಥಾನಮಾನ ದೊರೆತದ್ದು 2022ರ ಜುಲೈನಲ್ಲಿ.

ತವರಿಗೆ ಮರಳಿಕೆ

ಇಟಲಿಯಿಂದ ಹಿಂದಿರುಗಿದ ರೋಚ್ ಮತ್ತೆ ಪೀಮೌಂಟ್ ಯುನೈಟೆಡ್ ಪರ ಆಡಿದರು. 2020ರಲ್ಲಿ ಪೀಮೌಂಟ್ ರಾಷ್ಟ್ರೀಯ ಲೀಗ್ ಮತ್ತು ಎಫ್‌ಎಐ ಕಪ್ ಎರಡನ್ನೂ ಗೆದ್ದು ಜೋಡಿ ಪ್ರಶಸ್ತಿಯ ಸಾಧನೆ ಮಾಡಿತು. ಡಬ್ಲಿನ್‌ನ ಟ್ಯಾಲಾ ಕ್ರೀಡಾಂಗಣದಲ್ಲಿ ನಡೆದ ಆ ವರ್ಷದ ಕಪ್ ಫೈನಲ್‌ನಲ್ಲಿ ತಂಡವು ಕಾರ್ಕ್ ಸಿಟಿಯನ್ನು 6–0 ಅಂತರದಿಂದ ಮಣಿಸಿತು. ಅದೇ ಋತುವಿನ ಮಹಿಳಾ ಚಾಂಪಿಯನ್ಸ್ ಲೀಗ್ ಅರ್ಹತಾ ಪಂದ್ಯದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ಸಿಟಿಯೊಡನೆ ಗೋಲುರಹಿತ ಡ್ರಾ ಸಾಧಿಸಿದ ಪೀಮೌಂಟ್, ಪೆನಾಲ್ಟಿ ಒದೆತಗಳಲ್ಲಿ ಸೋಲುಂಡಿತು.

ಐರ್ಲೆಂಡಿನ ಮಹಿಳಾ ಲೀಗ್‌ನಲ್ಲಿ 2023ರ ಋತುವಿನಿಂದ ವೃತ್ತಿಪರ ಒಪ್ಪಂದಗಳಿಗೆ ಅವಕಾಶ ದೊರೆಯಿತು. ದೇಶದ ಹೆಸರಾಂತ ಕ್ಲಬ್ ಆದ ಶ್ಯಾಮ್‌ರಾಕ್ ರೋವರ್ಸ್ ಹಲವು ವರ್ಷಗಳ ಬಳಿಕ ಮಹಿಳಾ ಲೀಗ್‌ಗೆ ಮರಳಿದ್ದು ಇದೇ ಋತುವಿನಲ್ಲಿ. ಪೀಮೌಂಟ್‌ನ ಹಳೆಯ ಸಂಗಾತಿ ಆಯಿನ್ ಓಗಾರ್ಮನ್ ಅವರೊಂದಿಗೆ ಸ್ಟೆಫನಿ ಜಾಂಬ್ರಾ ಕೂಡ ರೋವರ್ಸ್ ಸೇರಿದರು.

ಪುಷ್ಕಾಶ್ ಪ್ರಶಸ್ತಿ ಪಟ್ಟಿಗೇರಿದ ಗೋಲು

ಪ್ರಶಸ್ತಿಯ ಸ್ವರೂಪ

ಹಂಗೇರಿಯ ಮಹಾನ್ ಆಟಗಾರ ಫೆರೆಂಕ್ ಪುಷ್ಕಾಶ್ ಅವರ ಸ್ಮರಣಾರ್ಥ ಫಿಫಾ 2009ರಲ್ಲಿ ಈ ಪ್ರಶಸ್ತಿಯನ್ನು ಸ್ಥಾಪಿಸಿತು. ಗೋಲು ನೋಡಲು ಸುಂದರವಾಗಿರಬೇಕು. ಅದೃಷ್ಟದಿಂದಲೋ ಎದುರಾಳಿಯ ತಪ್ಪಿನಿಂದಲೋ ದೊರೆತದ್ದಾಗಿರಬಾರದು. ಕ್ರೀಡಾ ಮನೋಭಾವಕ್ಕೆ ಚ್ಯುತಿ ತರುವಂತಿರಬಾರದು. ಪಂದ್ಯಾವಳಿ, ರಾಷ್ಟ್ರೀಯತೆ ಅಥವಾ ಲಿಂಗದ ಭೇದವಿಲ್ಲದೆ ಯಾವ ಗೋಲನ್ನಾದರೂ ಪರಿಗಣಿಸಬಹುದೆಂಬುದು ಅದರ ಮೂಲ ನಿಯಮವಾಗಿತ್ತು. ವಿಶ್ವಕಪ್ ಪಂದ್ಯವೊಂದರ ಗೋಲು ಮತ್ತು ಹವ್ಯಾಸಿ ಲೀಗ್‌ನ ಗೋಲು ಒಂದೇ ಪಟ್ಟಿಯಲ್ಲಿ ಸ್ಥಾನ ಪಡೆಯಲು ಸಾಧ್ಯವಾದದ್ದು ಈ ನಿಯಮದಿಂದ. ರೋಚ್ ಅವರಿಗಿಂತ ಮುಂಚೆ ಜಪಾನಿನ ಕುಮಿ ಯೊಕೊಯಾಮಾ (2010), ಅಮೆರಿಕದ ಹೆದರ್ ಓರೈಲಿ (2011) ಹಾಗೂ ಫ್ರಾನ್ಸಿನ ಲೂಯಿಸಾ ನೆಸಿಬ್ (2013) ಮೊದಲಾದ ಆಟಗಾರ್ತಿಯರು ಹತ್ತರ ಪಟ್ಟಿಯಲ್ಲಿ ಕಾಣಿಸಿಕೊಂಡಿದ್ದರು. ಆದರೆ ಅವರಲ್ಲಿ ಯಾರೂ ಅಂತಿಮ ಮೂವರ ಪಟ್ಟಿ ತಲುಪಿರಲಿಲ್ಲ.

ಗೋಲು

ಪಂದ್ಯ ನಡೆದದ್ದು ಐರ್ಲೆಂಡಿನ ಆಗ್ನೇಯ ಭಾಗದ ವೆಕ್ಸ್‌ಫರ್ಡ್‌ನ ಫೆರಿಕ್ಯಾರಿಗ್ ಪಾರ್ಕ್ ಮೈದಾನದಲ್ಲಿ. ಅಂದು ಮೈದಾನದಲ್ಲಿದ್ದ ಪ್ರೇಕ್ಷಕರ ಸಂಖ್ಯೆ ನೂರನ್ನೂ ಮುಟ್ಟಿರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಪಂದ್ಯದ ದೂರದರ್ಶನ ಪ್ರಸಾರವೂ ಇರಲಿಲ್ಲ.

ಬಲಬದಿಯಿಂದ ಆಯಿನ್ ಓಗಾರ್ಮನ್ ಕಳುಹಿಸಿದ ಕ್ರಾಸ್ ಪೆನಾಲ್ಟಿ ವಲಯದ ಅಂಚಿನಲ್ಲಿದ್ದ ರೋಚ್ ಅವರತ್ತ ಬಂತು. ಆ ಕ್ಷಣದಲ್ಲಿ ಅವರು ಗೋಲಿಗೆ ಬೆನ್ನು ಮಾಡಿ ನಿಂತಿದ್ದರು. ಮೊದಲ ಸ್ಪರ್ಶದಲ್ಲಿ ಬಲಗಾಲಿನಿಂದ ಚೆಂಡನ್ನು ಹತೋಟಿಗೆ ತೆಗೆದುಕೊಂಡರು. ಚೆಂಡು ಗಾಳಿಯಲ್ಲೇ ಉಳಿಯಿತು. ಎರಡನೆಯ ಸ್ಪರ್ಶದಲ್ಲಿ ಎಡಗಾಲಿನಿಂದ ಅದನ್ನು ಎದುರಾಳಿ ರಕ್ಷಣಾ ಆಟಗಾರ್ತಿಯ ತಲೆಯ ಮೇಲಿನಿಂದ ಎತ್ತಿ ಹಾಕಿ, ಅದೇ ಚಲನೆಯಲ್ಲಿ ಗೋಲಿನತ್ತ ತಿರುಗಿದರು. ಕೆಳಗಿಳಿಯುತ್ತಿದ್ದ ಚೆಂಡು ನೆಲ ಮುಟ್ಟುವ ಮೊದಲೇ ಮೂರನೆಯ ಸ್ಪರ್ಶದಲ್ಲಿ ಎಡಗಾಲಿನ ವಾಲಿಯಿಂದ ಅದನ್ನು ಬಲೆಗೆ ಸೇರಿಸಿದರು. ಸ್ವೀಕಾರ, ತಿರುವು ಮತ್ತು ಹೊಡೆತ ಈ ಮೂರೂ ಕ್ರಿಯೆಗಳ ನಡುವೆ ಚೆಂಡು ಒಮ್ಮೆಯೂ ನೆಲ ಸೋಕದಿದ್ದುದು ಈ ಗೋಲಿನ ವೈಶಿಷ್ಟ್ಯ. ಪೀಮೌಂಟ್ ಈ ಪಂದ್ಯವನ್ನು 6–1 ಅಂತರದಿಂದ ಗೆದ್ದಿತು.

ಪಂದ್ಯವನ್ನು ಚಿತ್ರೀಕರಿಸಿಕೊಂಡಿದ್ದರಿಂದಲೇ ಈ ಗೋಲು ಹೊರಜಗತ್ತಿಗೆ ತಿಳಿಯಲು ಸಾಧ್ಯವಾಯಿತು. ಯೂಟ್ಯೂಬ್‌ಗೆ ಸೇರಿಸಿದ ಆ ದೃಶ್ಯವು ಸಾಮಾಜಿಕ ಜಾಲತಾಣಗಳ ಮೂಲಕ ಶೀಘ್ರವಾಗಿ ಹರಡಿ ಲಕ್ಷಾಂತರ ವೀಕ್ಷಕರನ್ನು ತಲುಪಿತು. ದೊಡ್ಡ ಪಂದ್ಯಗಳ ಗೋಲುಗಳನ್ನು ಹತ್ತಾರು ಕ್ಯಾಮೆರಾಗಳು ನಾನಾ ಕೋನಗಳಿಂದ ದಾಖಲಿಸುತ್ತವೆ. ಈ ಗೋಲಿಗೆ ಉಳಿದದ್ದು ದೂರದಿಂದ ತೆಗೆದ ಒಂದು ಸಾಧಾರಣ ದೃಶ್ಯ ಮಾತ್ರ.

ಮತದಾನ ಮತ್ತು ಫಲಿತಾಂಶ

2014ರ ಪ್ರಶಸ್ತಿಗೆ 2013ರ ಶರತ್ಕಾಲದಿಂದ ಮುಂದಿನ ಒಂದು ವರ್ಷದ ಅವಧಿಯ ಗೋಲುಗಳು ಅರ್ಹವಾಗಿದ್ದವು. 2014ರ ನವೆಂಬರ್‌ನಲ್ಲಿ ಹತ್ತು ಗೋಲುಗಳ ಪಟ್ಟಿ ಪ್ರಕಟವಾಯಿತು. ಟಿಮ್ ಕೇಹಿಲ್, ಡಿಯೆಗೊ ಕೋಸ್ಟಾ, ಜ್ಲಾಟನ್ ಇಬ್ರಾಹಿಮೊವಿಚ್, ಪಾಯ್ಟಿಮ್ ಕಸಾಮಿ ಮೊದಲಾದವರಿದ್ದ ಆ ಪಟ್ಟಿಯಲ್ಲಿ ರೋಚ್ ಏಕೈಕ ಮಹಿಳೆಯಾಗಿದ್ದರು. ಸಾರ್ವಜನಿಕರ ಮತದಾನದ ಬಳಿಕ ಡಿಸೆಂಬರ್ 1ರಂದು ಅಂತಿಮ ಮೂವರ ಹೆಸರುಗಳನ್ನು ಫಿಫಾ ಪ್ರಕಟಿಸಿತು. ರೋಚ್ ಅವರೊಂದಿಗೆ ಉಳಿದ ಇಬ್ಬರು ಕೊಲಂಬಿಯಾದ ಹಾಮೆಸ್ ರೊಡ್ರಿಗಸ್ ಮತ್ತು ನೆದರ್ಲೆಂಡ್ಸ್‌ನ ರಾಬಿನ್ ವಾನ್ ಪರ್ಸಿ. ಇವರಿಬ್ಬರ ಗೋಲುಗಳೂ 2014ರ ಬ್ರೆಜಿಲ್ ವಿಶ್ವಕಪ್‌ನಲ್ಲಿ ಬಂದವು: ರೊಡ್ರಿಗಸ್ ಉರುಗ್ವೆ ವಿರುದ್ಧ ಮಾರಕಾನಾ ಕ್ರೀಡಾಂಗಣದಲ್ಲಿ ವಾಲಿಯಿಂದ, ವಾನ್ ಪರ್ಸಿ ಸ್ಪೇನ್ ವಿರುದ್ಧ ಸಾಲ್ವಡೋರ್‌ನಲ್ಲಿ ಹಾರಿ ತಲೆಯಿಂದ ಹೊಡೆದು ಗಳಿಸಿದ್ದರು. ಮತದಾನದ ಅವಧಿಯಲ್ಲಿ ಐರ್ಲೆಂಡಿನ ಕ್ರೀಡಾಪಟುಗಳು, ಮಾಧ್ಯಮಗಳು ಹಾಗೂ ಸಾರ್ವಜನಿಕರು ರೋಚ್ ಪರವಾಗಿ ವ್ಯಾಪಕ ಪ್ರಚಾರ ನಡೆಸಿದರು.

12 ಜನವರಿ 2015ರಂದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ ಫಿಫಾ ಬ್ಯಾಲನ್ ಡಿ'ಓರ್ ಸಮಾರಂಭದಲ್ಲಿ ಫಲಿತಾಂಶ ಪ್ರಕಟವಾಯಿತು. ಅಂತಿಮ ಹಂತದ ಮತಗಳ ಪಾಲು ಹೀಗಿತ್ತು:

1. ಹಾಮೆಸ್ ರೊಡ್ರಿಗಸ್ – ಶೇ. 42
2. ಸ್ಟೆಫನಿ ರೋಚ್ – ಶೇ. 33
3. ರಾಬಿನ್ ವಾನ್ ಪರ್ಸಿ – ಶೇ. 11

ನೂರಕ್ಕಿಂತ ಕಡಿಮೆ ಜನ ನೇರವಾಗಿ ಕಂಡ ಗೋಲೊಂದು, ಕೋಟ್ಯಂತರ ಜನ ನೇರಪ್ರಸಾರದಲ್ಲಿ ಕಂಡಿದ್ದ ವಿಶ್ವಕಪ್ ಗೋಲಿಗಿಂತ ಮೂರು ಪಟ್ಟು ಮತಗಳನ್ನು ಪಡೆಯಿತು.

ನಂತರದ ಬೆಳವಣಿಗೆ

ರೋಚ್ ಅವರ ನಂತರ ವೆನೆಜುವೆಲಾದ ಡಾನಿಯುಸ್ಕಾ ರೊಡ್ರಿಗಸ್ (2016) ಮತ್ತು ಡೇನಾ ಕಾಸ್ಟೆಯಾನೋಸ್ (2017) ಅಂತಿಮ ಮೂವರ ಪಟ್ಟಿಗೇರಿ ಮೂರನೆಯ ಸ್ಥಾನ ಪಡೆದರು. 2024ರಲ್ಲಿ ಫಿಫಾ ಮಹಿಳಾ ಫುಟ್‌ಬಾಲ್‌ನ ಅತ್ಯುತ್ತಮ ಗೋಲಿಗೆಂದು ಬ್ರೆಜಿಲ್‌ನ ಆಟಗಾರ್ತಿ ಮಾರ್ತಾ ಅವರ ಹೆಸರಿನಲ್ಲಿ ಪ್ರತ್ಯೇಕ ಪ್ರಶಸ್ತಿ ಸ್ಥಾಪಿಸಿತು. ಅದನ್ನು ಮೊದಲ ಬಾರಿ ಸ್ವತಃ ಮಾರ್ತಾ ಅವರೇ ಗೆದ್ದರು. ಅಂದಿನಿಂದ ಪುಷ್ಕಾಶ್ ಪ್ರಶಸ್ತಿ ಪುರುಷರ ಫುಟ್‌ಬಾಲ್‌ಗೆ ಸೀಮಿತವಾಯಿತು. 2009ರಿಂದ 2023ರವರೆಗಿನ ಮುಕ್ತ ಸ್ಪರ್ಧೆಯ ಹದಿನೈದು ಆವೃತ್ತಿಗಳಲ್ಲಿ ಯಾವ ಮಹಿಳೆಯೂ ಪ್ರಶಸ್ತಿ ಗೆಲ್ಲಲಿಲ್ಲ.

ಅಂತಾರಾಷ್ಟ್ರೀಯ ವೃತ್ತಿಜೀವನ

ರೋಚ್ ಐರ್ಲೆಂಡ್ ಗಣರಾಜ್ಯದ ಹಿರಿಯರ ತಂಡದಲ್ಲಿ ಸ್ಯೂ ರೋನನ್ ಮತ್ತು ಅವರ ಬಳಿಕ 2017ರಲ್ಲಿ ಅಧಿಕಾರ ವಹಿಸಿಕೊಂಡ ಕಾಲಿನ್ ಬೆಲ್ ಅವರ ತರಬೇತಿಯಡಿ ಆಡಿದರು. ಆ ಕಾಲದ ತಂಡದಲ್ಲಿ ಗೋಲ್‌ಕೀಪರ್ ಎಮ್ಮಾ ಬರ್ನ್, ಮಧ್ಯಭಾಗದ ಡೆನಿಸ್ ಓಸಲಿವನ್, ರಕ್ಷಣೆಯ ಲೂಯಿಸ್ ಕ್ವಿನ್ ಮತ್ತು ಯುವ ಆಟಗಾರ್ತಿ ಕೇಟಿ ಮೆಕೇಬ್ ಪ್ರಮುಖರಾಗಿದ್ದರು. ತಂಡವು ಆಗಿನ್ನೂ ಯಾವುದೇ ಪ್ರಮುಖ ಪಂದ್ಯಾವಳಿಗೆ ಅರ್ಹತೆ ಗಳಿಸಿರಲಿಲ್ಲ.

2017ರ ವಿವಾದ

4 ಏಪ್ರಿಲ್ 2017ರಂದು ಐರ್ಲೆಂಡ್ ಮಹಿಳಾ ತಂಡದ ಆಟಗಾರ್ತಿಯರು ಡಬ್ಲಿನ್‌ನ ಕಾರ್ಮಿಕ ಸಂಘಟನೆಯ ಕೇಂದ್ರವಾದ ಲಿಬರ್ಟಿ ಹಾಲ್‌ನಲ್ಲಿ ಪತ್ರಿಕಾಗೋಷ್ಠಿ ಕರೆದು, ಐರ್ಲೆಂಡ್ ಫುಟ್‌ಬಾಲ್ ಸಂಸ್ಥೆಯು (ಎಫ್‌ಎಐ) ತಮ್ಮನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಬಹಿರಂಗಪಡಿಸಿದರು. ಐರ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘ ಅವರ ಬೆಂಬಲಕ್ಕಿತ್ತು. ತಂಡದ ಪ್ರವಾಸಗಳಿಗೆ ಕೊಡುತ್ತಿದ್ದ ಟ್ರ್ಯಾಕ್‌ಸೂಟ್‌ಗಳನ್ನು ಕಿರಿಯರ ತಂಡಗಳೊಡನೆ ಹಂಚಿಕೊಳ್ಳಬೇಕಾಗಿದ್ದು, ಹಿಂದಿರುಗಿಸುವ ಸಲುವಾಗಿ ವಿಮಾನ ನಿಲ್ದಾಣದ ಶೌಚಾಲಯಗಳಲ್ಲಿ ಬಟ್ಟೆ ಬದಲಾಯಿಸಬೇಕಾಗುತ್ತಿತ್ತು ಎಂಬ ಸಂಗತಿ ದೇಶದಾದ್ಯಂತ ಆಕ್ರೋಶಕ್ಕೆ ಕಾರಣವಾಯಿತು. ಈ ಹೋರಾಟಕ್ಕಿಳಿದ ಹಿರಿಯ ಆಟಗಾರ್ತಿಯರಲ್ಲಿ ರೋಚ್ ಕೂಡ ಒಬ್ಬರು.

ಆಟಗಾರ್ತಿಯರ ಬೇಡಿಕೆಗಳು ದುಬಾರಿಯಾಗಿರಲಿಲ್ಲ. ರಾಷ್ಟ್ರೀಯ ಶಿಬಿರಗಳಿಗಾಗಿ ಕೆಲಸಕ್ಕೆ ರಜೆ ಹಾಕಿ ಸಂಬಳ ಕಳೆದುಕೊಳ್ಳುತ್ತಿದ್ದವರಿಗೆ ಪರಿಹಾರ, ಪಂದ್ಯ ಶುಲ್ಕ, ತಮ್ಮದೇ ಆದ ಉಡುಪು, ಜಿಮ್ ಸೌಲಭ್ಯ, ಹೋಟೆಲ್‌ಗಳಲ್ಲಿ ಅಂತರ್ಜಾಲ ಸಂಪರ್ಕ ಮುಂತಾದವು ಅದರಲ್ಲಿದ್ದವು. ಬೇಡಿಕೆ ಈಡೇರದಿದ್ದರೆ ಸ್ಲೊವಾಕಿಯಾ ವಿರುದ್ಧದ ಮುಂದಿನ ಪಂದ್ಯವನ್ನು ಬಹಿಷ್ಕರಿಸಲು ಅವರು ಸಿದ್ಧರಿದ್ದರು. ಕೆಲವೇ ದಿನಗಳ ಮಾತುಕತೆಯಲ್ಲಿ ಒಪ್ಪಂದವಾಗಿ, ಪಂದ್ಯ ನಿಗದಿಯಂತೆ ನಡೆಯಿತು. ಪುರುಷರ ಮತ್ತು ಮಹಿಳೆಯರ ರಾಷ್ಟ್ರೀಯ ತಂಡಗಳಿಗೆ ಸಮಾನ ಪಂದ್ಯ ಶುಲ್ಕ ನೀಡುವ ಒಪ್ಪಂದವನ್ನು ಎಫ್‌ಎಐ 2021ರ ಆಗಸ್ಟ್‌ನಲ್ಲಿ ಪ್ರಕಟಿಸಿತು.

ಗಾಯ

19 ಸೆಪ್ಟೆಂಬರ್ 2017ರಂದು ಉತ್ತರ ಐರ್ಲೆಂಡಿನ ಲರ್ಗನ್ ಪಟ್ಟಣದ ಮೋರ್ನ್‌ವ್ಯೂ ಪಾರ್ಕ್‌ನಲ್ಲಿ 2019ರ ವಿಶ್ವಕಪ್ ಅರ್ಹತಾ ಸುತ್ತಿನ ಐರ್ಲೆಂಡಿನ ಮೊದಲ ಪಂದ್ಯ ನಡೆಯಿತು. ಉತ್ತರ ಐರ್ಲೆಂಡ್ ವಿರುದ್ಧದ ಈ ಪಂದ್ಯವನ್ನು ಐರ್ಲೆಂಡ್ 2–0 ಅಂತರದಿಂದ ಗೆದ್ದರೂ, ಕಾಲಿನ ಮೂಳೆ ಮುರಿತಕ್ಕೊಳಗಾದ ರೋಚ್ ಅವರನ್ನು ಸ್ಟ್ರೆಚರ್‌ನಲ್ಲಿ ಹೊರಗೆ ಒಯ್ಯಲಾಯಿತು. ಇದರಿಂದಾಗಿ ಅದೇ ವರ್ಷದ ನವೆಂಬರ್‌ನಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ನೆದರ್ಲೆಂಡ್ಸ್ ತಂಡವನ್ನು ಅದರ ನೆಲದಲ್ಲೇ ಐರ್ಲೆಂಡ್ 0–0 ಡ್ರಾಗೆ ಕಟ್ಟಿಹಾಕಿದ ಪಂದ್ಯವೂ ಅವರಿಗೆ ತಪ್ಪಿತು.

ಐರ್ಲೆಂಡ್ ಮಹಿಳಾ ತಂಡ ಮೊದಲ ಬಾರಿಗೆ ವಿಶ್ವಕಪ್‌ನಲ್ಲಿ ಆಡಿದ್ದು 2023ರಲ್ಲಿ, ಆಸ್ಟ್ರೇಲಿಯಾದಲ್ಲಿ. ರೋಚ್ ಅವರ ಕಾಲದ ಸಂಗಾತಿಗಳಾದ ಕೇಟಿ ಮೆಕೇಬ್, ಡೆನಿಸ್ ಓಸಲಿವನ್, ಲೂಯಿಸ್ ಕ್ವಿನ್ ಮತ್ತು ಆಯಿನ್ ಓಗಾರ್ಮನ್ ಆ ತಂಡದಲ್ಲಿದ್ದರು.

ಆಟದ ಶೈಲಿ

ರೋಚ್ ಪೆನಾಲ್ಟಿ ವಲಯದ ಅಂಚಿನಲ್ಲಿ ಗೋಲಿಗೆ ಬೆನ್ನು ಮಾಡಿ ಚೆಂಡನ್ನು ಸ್ವೀಕರಿಸಿ, ತಿರುಗಿ ಹೊಡೆಯುವ ಶೈಲಿಯ ಆಟಗಾರ್ತಿ. ಎರಡೂ ಕಾಲುಗಳ ಮೇಲೆ ಹಿಡಿತ, ಗಾಳಿಯಲ್ಲಿ ಬರುವ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹತೋಟಿಗೆ ತರುವ ಕೌಶಲ ಹಾಗೂ ದೂರದಿಂದ ಗುರಿಯಿಡುವ ಧೈರ್ಯ ಇವೆಲ್ಲವೂ ವೆಕ್ಸ್‌ಫರ್ಡ್‌ನ ಗೋಲಿನಲ್ಲಿ ಒಟ್ಟಾಗಿ ಕಾಣುತ್ತವೆ.

ವೈಯಕ್ತಿಕ ಜೀವನ

ರೋಚ್ ಅವರು ಐರ್ಲೆಂಡಿನ ಪುರುಷರ ಲೀಗ್‌ನಲ್ಲಿ ಆಡಿದ ಡೀನ್ ಜಾಂಬ್ರಾ ಅವರನ್ನು ವಿವಾಹವಾಗಿದ್ದಾರೆ. ಐರ್ಲೆಂಡಿನ ದೂರದರ್ಶನ ವಾಹಿನಿಗಳಲ್ಲಿ ಫುಟ್‌ಬಾಲ್ ವಿಶ್ಲೇಷಕಿಯಾಗಿಯೂ ಕಾಣಿಸಿಕೊಂಡಿದ್ದಾರೆ.

ಪ್ರಭಾವ

ಐರ್ಲೆಂಡಿನಲ್ಲಿ ಮಹಿಳಾ ಫುಟ್‌ಬಾಲ್ ಪತ್ರಿಕೆಗಳ ಮುಖಪುಟಕ್ಕೆ ಬಂದ ಆರಂಭಿಕ ಸಂದರ್ಭಗಳಲ್ಲಿ ರೋಚ್ ಅವರ ಪುಷ್ಕಾಶ್ ಸ್ಪರ್ಧೆಯೂ ಒಂದು. ಅವರು ಆಟ ಆರಂಭಿಸಿದಾಗ ದೇಶದಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗ್ ಇರಲಿಲ್ಲ. ಅವರ ವೃತ್ತಿಜೀವನದ ಅವಧಿಯಲ್ಲೇ ಲೀಗ್ ಹುಟ್ಟಿತು, ರಾಷ್ಟ್ರೀಯ ತಂಡದ ಸೌಲಭ್ಯಗಳು ಸುಧಾರಿಸಿದವು, ಸಮಾನ ಪಂದ್ಯ ಶುಲ್ಕ ಜಾರಿಗೆ ಬಂತು, ದೇಶೀಯ ಲೀಗ್‌ನಲ್ಲಿ ವೃತ್ತಿಪರ ಒಪ್ಪಂದಗಳು ಆರಂಭವಾದವು. ಐದು ದೇಶಗಳ ಲೀಗ್‌ಗಳನ್ನು ಸುತ್ತಿಬಂದ ಅವರ ಹಾದಿ, ಈ ಬದಲಾವಣೆಗಳಿಗೆ ಮುಂಚಿನ ತಲೆಮಾರಿನ ಐರಿಶ್ ಆಟಗಾರ್ತಿಯರು ಎದುರಿಸಿದ ಪರಿಸ್ಥಿತಿಯನ್ನು ಪ್ರತಿನಿಧಿಸುತ್ತದೆ.

ಆಡಿದ ಪ್ರಮುಖ ಕ್ಲಬ್‌ಗಳು

- ಡಂಡಾಕ್ ಸಿಟಿ (ಐರ್ಲೆಂಡ್)
- ರಹೇನಿ ಯುನೈಟೆಡ್ (ಐರ್ಲೆಂಡ್)
- ಪೀಮೌಂಟ್ ಯುನೈಟೆಡ್ (ಐರ್ಲೆಂಡ್) – ಎರಡು ಅವಧಿಗಳಲ್ಲಿ
- ಎಎಸ್‌ಪಿಟಿಟಿ ಅಲ್ಬಿ (ಫ್ರಾನ್ಸ್) – 2014ರಿಂದ 2015
- ಹ್ಯೂಸ್ಟನ್ ಡ್ಯಾಶ್ (ಅಮೆರಿಕ) – 2015
- ಸಂಡರ್‌ಲ್ಯಾಂಡ್ (ಇಂಗ್ಲೆಂಡ್) – 2015ರಿಂದ
- ಫ್ಲೊರೆಂಟಿಯಾ (ಇಟಲಿ) – 2018ರಿಂದ
- ಶ್ಯಾಮ್‌ರಾಕ್ ರೋವರ್ಸ್ (ಐರ್ಲೆಂಡ್) – 2023ರಿಂದ

ಇವನ್ನೂ ನೋಡಿ

- ಫಿಫಾ ಪುಷ್ಕಾಶ್ ಪ್ರಶಸ್ತಿ
- ಐರ್ಲೆಂಡ್ ಗಣರಾಜ್ಯದ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ತಂಡ
- 2023ರ ಫಿಫಾ ಮಹಿಳಾ ವಿಶ್ವಕಪ್
- ಮಾರ್ತಾ